ಬೀಳದವನ ಸೈಕಲ್ಲು

ಎದುರಿಗೆ ಮ್ಯಾನೇಜರು ಬಂದರೆ ಸಲಾಮು ಹೊಡೆಯಲೇಬೇಕು, ಒಪ್ಪೋಣ. ಪಕ್ಕದಲ್ಲಿದ್ದ ಅವರ ಹೆಂಡತಿಗೂ ಇನ್ನೊಂದು ಕೈಯಲ್ಲಿ ಬೇರೆ ಸಲಾಮು ಹೊಡೆಯಬೇಕೇ? ಅದೂ ಸೈಕಲ್ ತುಳಿಯುತ್ತಾ? ಪ್ರೆಸ್ಸಿನ ಗುಮಾಸ್ತ ಮಾಡಿದ್ದು ಅದನ್ನೇ. ಸೈಕಲ್ಲು ಅವನನ್ನು ನೇರವಾಗಿ ಮೋರಿಗೆ ಇಳಿಸಿತು.

ಮರುದಿನ ಬೆಳಿಗ್ಗೆ ಗುಮಾಸ್ತನ ಹೆಂಡತಿ ಅವನ ಮಂಡಿಗೆ ಮುಲಾಮು ಹಚ್ಚುತ್ತಲೇ ತೀರ್ಪು ಕೊಟ್ಟಳು. ಆಕೆ ಸ್ಕೂಲ್ ಟೀಚರು. "ಇನ್ನೊಂದ್ಸಲ ಬಿದ್ರೆ ಸೈಕಲ್ಲು ಗುಜರಿಗೆ, ನೀವು ಬಸ್ಸಿಗೆ!"

ಗುಮಾಸ್ತನಿಗೆ ಬಸ್ಸೆಂದರೆ ಒಂಟಿ ಕಾಲಲ್ಲಿ ನಿಂತು, ಯಾರದೋ ಕಂಕುಳಲ್ಲಿ ಮೂಗಿಟ್ಟು ಮುಕ್ಕಾಲು ಗಂಟೆ. ಸೈಕಲ್ ಮೇಲಾದರೆ ಅವನೇ ರಾಜ.

"ಇಲ್ವೇ, ಜೋಪಾನವಾಗಿ ಹೋಗ್ತೀನಿ," ಎಂದ.

ಆ ಮಾತು ಗೋಡೆಯಾಚೆ ಕೇಳಿದ್ದೇ ತಪ್ಪಾಯಿತು. ಪಕ್ಕದ ಮನೆಯ ಟೈಲರು ಹತ್ತಿಯ ಗಂಟು ಹೊತ್ತು ಬಂದ. "ಅಲ್ಲಾಡ್ಬೇಡಿ ಸಾರ್!" ಎನ್ನುತ್ತಾ ಮಂಡಿ, ಮೊಣಕೈ, ಸೊಂಟಕ್ಕೆಲ್ಲ ಹತ್ತಿ ತುಂಬಿ ಹೊಲಿದ. ಮೇಲಿನ ಮನೆಯ ನಿವೃತ್ತ ಡ್ರೈವರು ಹಳೇ ಲಾರಿಯ ಕನ್ನಡಿಯನ್ನೇ ತಂದು ಹ್ಯಾಂಡಲಿಗೆ ಬಿಗಿದ. "ಅಪಾಯ ಯಾವಾಗ್ಲೂ ಹಿಂದಿನಿಂದ್ಲೇ ಬರೋದು ಕಣಪ್ಪಾ." ಹೆಂಡತಿ ಹೆಲ್ಮೆಟ್ಟು ಹಾಕಿ ಉಸಿರು ಕಟ್ಟುವಂತೆ ಪಟ್ಟಿ ಎಳೆದಳು.

ಅಂತೂ ಹಾಸಿಗೆ ಸುರುಳಿಯೊಂದು ಸೈಕಲ್ ಹತ್ತಿ ಹೊರಟಿತು. ಮಂಡಿ ಮಡಚದು, ಅರ್ಧ ಸುತ್ತು ತುಳಿದು, ಉಳಿದರ್ಧಕ್ಕೆ ದೇವರ ಮೇಲೆ ಭಾರ ಹಾಕಬೇಕು. ಕನ್ನಡಿಯಲ್ಲಿ ಹಿಂದಿನಿಂದ ಬರುವ ಅಪಾಯವನ್ನು ಹುಡುಕುತ್ತಾ ಹುಡುಕುತ್ತಾ ಮುಂದೆ ನೋಡುವುದೇ ಮರೆತುಹೋಯಿತು. ಧೊಪ್! ಮರಳಿನ ರಾಶಿಯಲ್ಲಿ ತಲೆ, ಆಕಾಶಕ್ಕೆ ಕಾಲು.

"ಏನಯ್ಯಾ, ಇವತ್ತು ಕಾಲಲ್ಲಿ ಸಲಾಮಾ?" ಮ್ಯಾನೇಜರ ದನಿ.

ಮಾನ ಹೋದರೆ ಹೋಗಲಿ, ಮೈಮೇಲೆ ಒಂದು ಗೀರೂ ಇರಲಿಲ್ಲ. ಗುಮಾಸ್ತ ಮರಳು ಕೊಡವಿಕೊಂಡು ಟೈಲರನನ್ನು ಮನಸಾರೆ ಹರಸಿದ.

ಸಂಜೆ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಮಂಡಿ, ಮೊಣಕೈ ತಿರುಗಿಸಿ ತಿರುಗಿಸಿ ನೋಡಿದಳು. ಟೈಲರು, ಡ್ರೈವರು ಇಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಬಂದವರಂತೆ ನಿಂತಿದ್ದರು.

"ಬಿದ್ರಾ?"

"ಛೆ ಛೆ! ಬೀಳೋ ಮಾತೇ ಇಲ್ಲ."

"ನಿಜವಾಗ್ಲೂ?"

"ನಿನ್ನಾಣೆ ಕಣೇ!"

ಹೆಂಡತಿಯ ಮುಖ ಅರಳಿತು. "ಅಣ್ಣಾ, ಆ ಸೀಟು ಸ್ವಲ್ಪ ಕೆಳಗಿಳಿಸಿಕೊಡಿ," ಎಂದು ಡ್ರೈವರಿಗೆ ಹೇಳಿದಳು.

"ಸೀಟ್ಯಾಕೆ?" ಗುಮಾಸ್ತ ಕಣ್ಣು ಬಿಟ್ಟ.

"ಹನ್ನೆರಡು ವರ್ಷದಿಂದ ಬಸ್ಸಲ್ಲಿ ನೇತಾಡಿ ಸಾಕಾಗಿದೆ ನಂಗೆ. ಚಿಕ್ಕೋಳಿದ್ದಾಗ್ಲೇ ಸೈಕಲ್ ಕಲ್ತಿದ್ದೆ, ಬೀಳೋ ಭಯಕ್ಕೆ ಬಿಟ್ಟಿದ್ದೆ. ನೀವೇ ಬೀಳ್ಲಿಲ್ಲ ಅಂದ್ಮೇಲೆ ನಾನ್ಯಾಕ್ರೀ ಬೀಳ್ತೀನಿ? ನಾಳೆಯಿಂದ ಸ್ಕೂಲಿಗೆ ಇದ್ರಲ್ಲೇ!"

ಬಿದ್ದೆನೆಂದರೆ ಗುಜರಿಯವನು ಒಯ್ಯುತ್ತಾನೆ. ಬೀಳಲಿಲ್ಲವೆಂದರೆ ಹೆಂಡತಿ ಒಯ್ಯುತ್ತಾಳೆ. ಗುಮಾಸ್ತ ಹೆಲ್ಮೆಟ್ಟು ಬಿಚ್ಚಿ ಹೆಂಡತಿಯ ಕೈಗಿಟ್ಟ.

"ಬಸ್ಸು... ಎಷ್ಟು ಗಂಟೆಗೆ?"

"ಎಂಟೂ ಹತ್ತಕ್ಕೆ," ಎಂದಳು ಹೆಂಡತಿ ಅಕ್ಕರೆಯಿಂದ. "ಓಡೋಡಿ ಹತ್ತೋಕೆ ಹೋಗ್ಬೇಡಿ, ಬಿದ್ದುಗಿದ್ದೀರಾ!"