ಮಾಸ್ತರು ಬರೆದ ಹುಟ್ಟುಹಬ್ಬ

ಪಾಸ್‌ಪೋರ್ಟಿನ ಫೋಟೋ ಕಳಿಸಿದ್ದೇ ಇರಣ್ಣನ ತಪ್ಪು. ಬೆನ್ನಿಗೆ ಚೀಲ ಹಾಕಿಕೊಂಡು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಐದು ದಿನ ಅಲೆಯೋಣವೆಂದು ಮೂವರು ಗೆಳೆಯರು ಮಾತಾಡಿಕೊಂಡಿದ್ದರು. ಮೂವರೂ ಅಮೆರಿಕದ ಟೆಕ್ಸಾಸ್‌ನವರು: ಅಲೆನ್‌ನಿಂದ ಇರಣ್ಣ, ಮಿಸೌರಿ ಸಿಟಿಯಿಂದ ಚಿದಾನಂದ, ಆಸ್ಟಿನ್‌ನಿಂದ ಪ್ರಹ್ಲಾದ. ಟಿಕೆಟ್ ಬುಕ್ ಮಾಡುವ ಕೆಲಸ ಪ್ರಹ್ಲಾದನದು. ಪಾಸ್‌ಪೋರ್ಟ್ ನೋಡಿದವನೇ ಫೋನ್ ಮಾಡಿ ಕೂಗಿದ.

"ಲೋ, ಜೂನ್ ಒಂದಕ್ಕೆ ನಿಂಗೆ ಐವತ್ತಾಗತ್ತೆ! ಇಷ್ಟು ವರ್ಷ ಒಂದು ಮಾತು ಹೇಳಿಲ್ವಲ್ಲೋ! ಟ್ರಿಪ್ ಆ ವಾರಕ್ಕೇ ಹಾಕ್ತೀನಿ."

ಹೇಳುವುದಕ್ಕೇನಿತ್ತು? ಇರಣ್ಣ ಓದಿದ್ದು ಬಾಗಲಕೋಟೆ ಕಡೆಯ ಸಣ್ಣ ಊರಿನ ಸಾಲೆಯಲ್ಲಿ. ಅವನ ತರಗತಿಯ ಮೂವತ್ತೆರಡು ಮಕ್ಕಳಲ್ಲಿ ಇಪ್ಪತ್ತೇಳು ಮಂದಿ ಜೂನ್ ಒಂದರಂದೇ ಹುಟ್ಟಿದವರು! ಸಾಲೆ ಶುರುವಾಗುವ ದಿನ ಅದು. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರು ಅದನ್ನೇ ಬರೆದು ಕೈತೊಳೆದುಕೊಂಡಿದ್ದರು. ತನ್ನದೂ ಅದೇ ಲೆಕ್ಕ ಎಂದುಕೊಂಡ ಇರಣ್ಣ ಒಂದು ಸಲವೂ ಹುಟ್ಟುಹಬ್ಬ ಆಚರಿಸಿದವನಲ್ಲ. ಮಗಳ ಹುಟ್ಟುಹಬ್ಬಕ್ಕೆ ಬಲೂನು ಊದುವಾಗ ಮಾತ್ರ, ತನಗೂ ಒಂದು ದಿನ ಇದ್ದಿದ್ದರೆ ಎಂದು ಒಳಗೊಳಗೇ ಆಸೆಯಾಗುತ್ತಿತ್ತು.

ನಿಜ ಹೇಳಿಬಿಡಬೇಕೆಂದು ನಾಲ್ಕು ಸಲ ಫೋನ್ ಎತ್ತಿದ. ಅಷ್ಟರಲ್ಲಿ ಚಿದಾನಂದ ಮಂಡಿಗೆ ಪಟ್ಟಿ ಕಟ್ಟಿಕೊಂಡು, ಆಫೀಸಿನ ಒಂಬತ್ತು ಮಹಡಿ ಹತ್ತಿಳಿದು ಅಭ್ಯಾಸ ಶುರುಮಾಡಿದ್ದ. "ನಿನ್ನ ಸಲುವಾಗಿ ಲೇ ಇದೆಲ್ಲಾ" ಎಂದು ಏದುಸಿರು ಬಿಡುತ್ತ ಹೇಳಿದವನಿಗೆ ಸುಳ್ಳು ಹುಟ್ಟುಹಬ್ಬ ಎಂದು ಹೇಗೆ ಹೇಳುವುದು? ಇರಣ್ಣ ಫೋನ್ ಕೆಳಗಿಟ್ಟ.

ಜೂನ್ ಒಂದು ಬಂದೇ ಬಂತು. ನಡಿಗೆಯ ಮೂರನೇ ದಿನ. ಬೆಳಿಗ್ಗೆ ಇರಣ್ಣ ತನ್ನ ಚೀಲ ಎತ್ತಲು ಹೋದರೆ ಏಳಲೊಲ್ಲದು.

"ಇದೇನೋ, ನಿನ್ನೆಗಿಂತ ಭಾರ ಆಗೇತಿ?"

"ಚೀಲ ಅಲ್ಲಲೇ, ವಯಸ್ಸು" ಎಂದ ಚಿದಾನಂದ. "ಐವತ್ತು ಅಂದ್ರ ಹಂಗs. ನಡಿ ನಡಿ."

ದಾರಿಯುದ್ದಕ್ಕೂ ಇನ್ನೊಂದು ಪೀಡೆ. ಎದುರಾದವರು ಸುಮ್ಮನೆ ಹೋದರೂ ಹಿಂದಿನಿಂದ ದಾಟಿದವರೆಲ್ಲ ತಿರುಗಿ ನಿಂತು ಕೈಕುಲುಕುತ್ತಿದ್ದರು. ಒಬ್ಬಳು ಫ್ರೆಂಚ್ ಅಜ್ಜಿಯಂತೂ ಎರಡೂ ಕೆನ್ನೆಗೆ ಮುತ್ತಿಟ್ಟು, ತನ್ನ ಚಾಕೊಲೇಟಿನಲ್ಲಿ ಅರ್ಧ ಮುರಿದುಕೊಟ್ಟಳು. ಇವರಿಗೆಲ್ಲ ಹೇಗೆ ಗೊತ್ತಾಯಿತೆಂದು ತಲೆಕೆಡಿಸಿಕೊಂಡವನಿಗೆ, ಚೀಲದ ಬೆನ್ನಿಗೆ 'ನನಗೆ ಇವತ್ತು ಐವತ್ತು' ಎಂಬ ಸ್ಪ್ಯಾನಿಷ್ ರಟ್ಟು ಕಂಡದ್ದು ಮಧ್ಯಾಹ್ನ ಚೀಲ ಇಳಿಸಿದಾಗ. ಮೋಸ ಮಾಡಿ ಮುದುಕಿಯ ಚಾಕೊಲೇಟ್ ತಿಂದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಉಸ್ಸೆಂದು ಆ ಚೀಲದ ಮೇಲೇ ಕುಕ್ಕರಿಸಿದ. ಗೆಳೆಯರಿಬ್ಬರೂ ಒಟ್ಟಿಗೇ "ಅಯ್ಯಯ್ಯೋ!" ಎಂದು ಚೀರಿದರು. ಯಾಕೆಂದು ಕೇಳಿದರೆ ಇಬ್ಬರೂ ಆಕಾಶ ನೋಡತೊಡಗಿದರು.

ಒಂದೇ ಸಮಾಧಾನ: ಐವತ್ತು ತುಂಬುವುದು ಒಂದೇ ಸಲ. ಇನ್ನೆರಡು ದಿನ ನಡೆದರೆ ಈ ಚೀಲದ ಸಹವಾಸವೂ ಇಲ್ಲ.

ಸಂಜೆ ಮರಳುದಿಬ್ಬದ ಕೆಳಗೆ ಡೇರೆ ಹಾಕಿದರು. ಪ್ರಹ್ಲಾದ ಇರಣ್ಣನ ಚೀಲದ ತಳದಿಂದ ಒಂದು ಡಬ್ಬಿ ಎಳೆದ. ಹಿಂದಿನ ರಾತ್ರಿ ತಂಗಿದ್ದ ಊರ ಬೇಕರಿಯ ಮೂರು ಕಿಲೋ ಕೇಕು, ಈಗ ದಪ್ಪ ಚಪಾತಿ. ಇರಣ್ಣ ದಿನವಿಡೀ ಹೊತ್ತದ್ದು, ಮೇಲೆ ಕೂತದ್ದು ತನ್ನ ಹುಟ್ಟುಹಬ್ಬದ ಕೇಕನ್ನೇ.

ಗಾಳಿಗೆ ಮೇಣದಬತ್ತಿ ಆರದಂತೆ ಇಬ್ಬರೂ ಜಾಕೆಟ್ ಬಿಚ್ಚಿ, ಚಳಿಗೆ ನಡುಗುತ್ತ ಅಡ್ಡ ಹಿಡಿದು ನಿಂತರು. ಇರಣ್ಣನಿಗೆ ತಡೆಯಲಾಗಲಿಲ್ಲ.

"ಇವತ್ತು ನನ್ನ ಹುಟ್ಟುಹಬ್ಬ ಅಲ್ಲಲೇ. ಮಾಸ್ತರು ಬರದ ತಾರೀಖು ಅದು. ಖರೆ ಯಾವತ್ತು ಹುಟ್ಟೀನೋ ನನಗs ಗೊತ್ತಿಲ್ಲ. ನೀವಿಬ್ರೂ ಇಷ್ಟು ಪ್ರೀತಿ ಮಾಡೋದು ನೋಡಿ ಹೇಳಾಕ ಬಾಯೇ ಬರಲಿಲ್ಲ."

ಚಿದಾನಂದ ತನ್ನ ಮಂಡಿಯನ್ನೊಮ್ಮೆ ನೋಡಿಕೊಂಡ.

"ಅಮ್ಮನ್ನ ಕೇಳಿದೀಯೇನೋ?" ಎಂದ ಪ್ರಹ್ಲಾದ.

ಕೇಳಿರಲಿಲ್ಲ. ಮೂವರೂ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಿದರು. ಅಲೆನ್‌ನ ಮನೆಯಲ್ಲಿ ಇರಣ್ಣನ ಹೆಂಡತಿ ವಿದ್ಯಾವತಿ ಅತ್ತೆಯ ಮುಖಕ್ಕೆ ಫೋನ್ ಹಿಡಿದಳು.

"ಉಂಡ್ಯೋ ಇಲ್ಲೋ?" ಎಂದಳು ನಿಂಗವ್ವ.

"ಯವ್ವಾ, ನಾ ಹುಟ್ಟಿದ್ದು ಯಾವತ್ತು?"

"ಇವತ್ತs. ನಿಮ್ಮಕ್ಕನ್ನ ಮೊದಲನೇ ದಿನ ಸಾಲಿಗೆ ಬಿಡಾಕ ಹ್ವಾದಾಗ ಸಾಲಿ ಕಟ್ಟಿ ಮ್ಯಾಲೇ ನನಗ ಬ್ಯಾನಿ ಸುರು ಆದ್ವು. ಮಾಸ್ತರs ಬಂಡಿ ಹೂಡಿಸಿ ದವಾಖಾನಿಗೆ ಕಳಿಸಿದ್ರು. ಸಂಜಿಗೆ ನೀ ಹುಟ್ಟಿದಿ. ಉಳದ ಹುಡುಗರದ್ದು ಸುಳ್ಳು, ನಿಂದು ಖರೆ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲವಾ?"

"ನೀ ಯಾವಾಗ ಕೇಳಿದ್ಯೋ? ನಾ ಪ್ರತಿ ವರ್ಷ ಇವತ್ತು ಒಂದು ತುಪ್ಪದ ದೀಪ ಹಚ್ಚತೀನಿ. ಇವತ್ತೂ ಹಚ್ಚೀನಿ ನೋಡು."

ಪರದೆಯಲ್ಲಿ ಅವಳ ಹಿಂದೆ, ದೇವರ ಮುಂದೆ ದೀಪ ಉರಿಯುತ್ತಿತ್ತು. ಇರಣ್ಣ ಮಗುವಿನಂತೆ ಅತ್ತುಬಿಟ್ಟ. ಚಿದಾನಂದ ಅವನ ಹೆಗಲ ಮೇಲೆ ಕೈಹಾಕಿ, ತಾನೂ ಮೂಗು ಒರೆಸಿಕೊಂಡ.

"ವರ್ಷ ಅಷ್ಟs ಸುಳ್ಳು ನೋಡಪಾ" ಎಂದಿತು ಫೋನು. "ನಿಮ್ಮಕ್ಕ ಸಾಲಿಗೆ ಹ್ವಾದ್ರ ನೀ ಬಾಗಲದಾಗ ಕುಂತು ಅಳತಿದ್ದಿ. ಮಾಸ್ತರಿಗೆ ಕರುಣಾ ಬಂದು, ಐದು ವರ್ಷದವನ್ನ ಆರು ಅಂತ ಬರಕೊಂಡ್ರು."

ಅಳು ಅರ್ಧಕ್ಕೇ ನಿಂತಿತು. ಚಿದಾನಂದ ಬೆರಳು ಮಡಚಿ ಎಣಿಸಿದ. "ಹಂಗಾರ ಇವಗ ಇವತ್ತು ನಲವತ್ತೊಂಬತ್ತು!"

"ಐವತ್ತು ಮುಂದಿನ ವರ್ಷ" ಎಂದ ಪ್ರಹ್ಲಾದ, ಆಗಲೇ ಕ್ಯಾಲೆಂಡರ್ ತೆರೆಯುತ್ತ. "ಇದೇ ದಿಬ್ಬ, ಇದೇ ಬೇಕರಿ."

"ಬ್ಯಾಡ್ರೋ! ಕೈ ಮುಗೀತೀನಿ!"

"ಏ ತಮ್ಮಾ ಪ್ರಹ್ಲಾದಾ" ಎಂದಳು ನಿಂಗವ್ವ, "ನನಗೂ ಒಂದು ಟಿಕೀಟ ತಗಸು. ಹಡದಾಕಿನ್ನ ಬಿಟ್ಟು ಎಂಥಾ ಹುಟ್ಟುಹಬ್ಬ? ನಡಿಯಾಕ ಆಗದಿದ್ರ ಇರಣ್ಣ ಹೊತಗೊಂತಾನ."

ಇರಣ್ಣ ಉರಿಯುತ್ತಿದ್ದ ಹೆಗಲನ್ನು ಸವರಿಕೊಂಡು, "ಆತು ಬಿಡವಾ" ಎಂದ.