ಮಂಡಿಕಲ್ ತಾರಸಿಯಿಂದ ಆಂಡ್ರೊಮಿಡಾ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವವನು ಗ್ಯಾಲಕ್ಸಿಯ ಫೋಟೊ ತೆಗೆಯಬಾರದೆಂದು ಯಾವ ಕಾನೂನೂ ಇಲ್ಲ. ಟೆಲಿಸ್ಕೋಪ್ ಕೊಂಡಿದ್ದೆ. ಅದಕ್ಕೆ ಫೋನು ಸಿಕ್ಕಿಸುವ ಹಿಡಿಕೆಯೂ ಬಂದಿತ್ತು. ಯೂಟ್ಯೂಬಿನಲ್ಲಿ ಒಂದು ವಿಡಿಯೊವನ್ನು ಮುಕ್ಕಾಲು ಭಾಗ ನೋಡಿದ್ದೆ. ಇನ್ನು ಕಲಿಯಲು ಏನೂ ಉಳಿದಿರಲಿಲ್ಲ!

ನನ್ನ ಹೆಂಡತಿ ಶಾಹೀನ್ ಶಾಲೆಯಲ್ಲಿ ವಿಜ್ಞಾನದ ಟೀಚರ್. ಮರುದಿನದ ವಸ್ತುಪ್ರದರ್ಶನಕ್ಕೆ ಆಂಡ್ರೊಮಿಡಾ ಎಂಬ ಸುರುಳಿ ಗ್ಯಾಲಕ್ಸಿಯ ಫೋಟೊ ತರುತ್ತೇನೆಂದು ಹೆಡ್ ಮೇಡಂಗೆ ಮಾತು ಕೊಟ್ಟುಬಿಟ್ಟಿದ್ದಳು. ಊರ ಬೆಳಕಿನಲ್ಲಿ ನಕ್ಷತ್ರ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಸಂಜೆ ಇಬ್ಬರೂ ಮಂಡಿಕಲ್ ಹತ್ತಿರ ತೋಟದಲ್ಲಿರುವ ಗೆಳೆಯ ನಾರಾಯಣಪ್ಪನ ಮನೆಗೆ ಹೋದೆವು.

ತಾರಸಿಯ ಮೇಲೆ ಟೆಲಿಸ್ಕೋಪನ್ನು ಪ್ರತಿಷ್ಠಾಪಿಸಿದೆ. ಆ್ಯಪ್ ತೋರಿಸಿದ ದಿಕ್ಕಿಗೆ ತಿರುಗಿಸಿ ತಿರುಪು ಬಿಗಿ ಮಾಡಿದೆ. ಮಾಡಿದೆ ಎಂದುಕೊಂಡೆ. ನನ್ನ ಫೋನು ತಾನಾಗಿ ಫೋಟೊ ತೆಗೆಯುತ್ತಾ ಹೋಗಬೇಕು, ಅವು ಶಾಹೀನಳ ಫೋನಿಗೆ ಬಂದು ಬೀಳಬೇಕು. ಹಾಗೆ ಏರ್ಪಾಡು ಮಾಡಿ, ಚಳಿ ತಾಳದೆ ಕೆಳಗಿಳಿದು ಮುದ್ದೆಗೆ ಕೂತೆವು.

ಮೊದಲು ಬಂದವೆಲ್ಲ ಬರೀ ಕಪ್ಪು. ಆಮೇಲೆ ಬಂತು! ಮಸುಕಾದ ಸುರುಳಿ, ಅದರ ತುಂಬ ಬೆಳ್ಳನೆಯ ಚುಕ್ಕಿಗಳು. ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ.

"ಅಲ್ಲ ಭಾಯ್, ಅಷ್ಟು ದೂರ ಇರೋದು ಇಷ್ಟು ದಪ್ಪ ಕಾಣ್ತೈತಾ?" ಎಂದ ನಾರಾಯಣಪ್ಪ.

ಅದು ಲೆನ್ಸಿನ ಮಹಿಮೆ ಎಂದು ವಿವರಿಸಿದೆ. ಶಾಹೀನ್ ಆಗಲೇ ಫೋಟೊವನ್ನು ಹೆಡ್ ಮೇಡಂಗೆ ಕಳಿಸಿದ್ದಳು.

ಮುಂದಿನ ಫೋಟೊದಲ್ಲಿ ಗ್ಯಾಲಕ್ಸಿಯ ಒಂದು ಅಂಚು ಖಾಲಿಯಾಗಿತ್ತು. ಅದರ ಮುಂದಿನದರಲ್ಲಿ ಚುಕ್ಕಿಗಳು ಅರ್ಧವೇ ಇದ್ದವು. ನನಗೆ ತಲೆ ಕೆಟ್ಟಿತು. ಕೋಟ್ಯಂತರ ವರ್ಷ ಇದ್ದ ನಕ್ಷತ್ರಗಳು ನಾವು ಉಣ್ಣುವಷ್ಟರಲ್ಲಿ ಹೋಗುವುದೆಲ್ಲಿಗೆ?

"ರೀ, ನೀವೇನಾದ್ರೂ ಮುಟ್ಟಿದ್ರಾ?" ಎಂದಳು ಶಾಹೀನ್.

ಕಪ್ಪು ರಂಧ್ರ ನುಂಗುತ್ತಿರಬೇಕು ಎಂದು ಗಂಭೀರವಾಗಿ ಹೇಳಿದೆ. ಅಷ್ಟರಲ್ಲಿ ಇನ್ನೊಂದು ಫೋಟೊ ಬಂತು. ಗ್ಯಾಲಕ್ಸಿಯ ನಟ್ಟನಡುವೆ ಬಳೆ ತೊಟ್ಟ ಕೈ!

ತಾರಸಿಗೆ ಓಡಿದೆವು. ಫೋನಿನ ಭಾರಕ್ಕೆ ಟೆಲಿಸ್ಕೋಪ್ ತಲೆ ತಗ್ಗಿಸಿ, ಹಿಪ್ಪುನೇರಳೆ ತೋಟದಾಚೆ ರೇಷ್ಮೆಹುಳು ಸಾಕುವ ಹುಳುಮನೆಯನ್ನು ನೋಡುತ್ತಾ ನಿಂತಿತ್ತು. ಅಲ್ಲಿ ಬಲ್ಬಿನ ಬೆಳಕಿನಲ್ಲಿ ಹೆಂಗಸೊಬ್ಬರು ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದರು. ಹುಳು ಗೂಡು ಕಟ್ಟಲೆಂದು ಸುರುಳಿ ಸುತ್ತಿ ಮಾಡಿದ ಬಿದಿರಿನ ತಟ್ಟಿಯೇ ಚಂದ್ರಿಕೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಅನ್ನವೇ ಆ ಗೂಡು!

ನಾರಾಯಣಪ್ಪ ಬಹಳ ಹೊತ್ತು ದಿಟ್ಟಿಸಿ, "ನಮ್ ಅತ್ತಿಗೆ ಅದು," ಎಂದ.

ಶಾಹೀನ್ ಫೋನು ಮಾಡಿ ಒಪ್ಪಿಕೊಳ್ಳುವಷ್ಟರಲ್ಲಿ ಹೆಡ್ ಮೇಡಂ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಬಿಟ್ಟಿದ್ದರು. ದಂಡವಾಗುವುದು ಯಾಕೆಂದು ಅದನ್ನು ವಸ್ತುಪ್ರದರ್ಶನದ ರೇಷ್ಮೆ ಕೃಷಿ ವಿಭಾಗದಲ್ಲಿ ತೂಗುಹಾಕಿಸಿದರು. ಮರುದಿನ ಹಿರಿಯ ರೈತರೊಬ್ಬರು ಅದರ ಮುಂದೆ ನಿಂತು, ಹತ್ತಿರ ಹೋಗಿ, ಹಿಂದೆ ಸರಿದು, ಕೊನೆಗೆ ಶಾಹೀನಳನ್ನು ಕೇಳಿದರು: "ಫೋಟೊ ತೆಗ್ದೋರಿಗೆ ಕಣ್ಣು ಮಂಜೇನಮ್ಮ?"

ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಹೌದು ಎಂದಳು.