ಮಾಮಾ ಕೊಯ್ಯದ ಪುಸ್ತಕ

ಕಳೆದ ಗುಡಿ ಪಾಡ್ವಾದ, ಅಂದರೆ ಯುಗಾದಿಯ ದಿನ ಬೆಳಿಗ್ಗೆ, ಇಚಲಕರಂಜಿಯ ಶಹಾಪುರದಲ್ಲಿ, ನನ್ನ ಸೋದರಮಾವ ಜಗತ್ತೇ ಹೊಗಳುವ ಕಾದಂಬರಿಯೊಂದರ ಮರಾಠಿ ಅನುವಾದವನ್ನು ಚಾಕುವಿನಿಂದ ಕೊಯ್ದು ತುಂಡು ತುಂಡು ಮಾಡಿದರು. ದ್ವೇಷವೇನಿರಲಿಲ್ಲ. ಓದಲೆಂದೇ ಕೊಯ್ದದ್ದು!

ನಮ್ಮ ಮಾಮಾನಷ್ಟು ಪುಸ್ತಕಕ್ಕೆ ಹೆದರುವವರನ್ನು ನಾನು ಕಂಡಿಲ್ಲ. ಅವರಷ್ಟು ಓದಿದವರನ್ನೂ ಕಂಡಿಲ್ಲ. ದಪ್ಪ ಪುಸ್ತಕ ನೋಡಿದರೆ ಅವರ ಬಾಯಿ ಒಣಗುತ್ತದೆ. ತೆಳ್ಳಗಿದ್ದರೆ ಎಂಥ ಮಹಾಕೃತಿಯನ್ನೂ ಶೇಂಗಾ ತಿಂದಂತೆ ಮುಗಿಸುತ್ತಾರೆ. ಆದ್ದರಿಂದ ದಪ್ಪದ್ದನ್ನು ತೆಳ್ಳಗೆ ಮಾಡಿಕೊಳ್ಳುತ್ತಾರೆ, ಅಷ್ಟೆ.

"ಮಾಮಾ, ಪಾಪ ಹತ್ತೂದಿಲ್ಲೇನ್ರಿ?" ಎಂದೆ.

"ಬೀಮಿನ ಮ್ಯಾಲ ಎಷ್ಟು ನೂಲು ಉಳದೈತಿ ಅಂತ ನೋಡಕೋತ ಕುಂತ್ರ ಯಾಂವರ ನೇಯತಾನೇನೋ? ಮುಂದಿನ ತಾಗಾ ಅಷ್ಟ ನೋಡಬೇಕು. ಅದು ಆತು, ಕೊಯ್ದು ಇಳಸು. ಮತ್ತ ಮುಂದಿಂದು!"

ಬೀಮು ಎಂದರೆ ಮಗ್ಗದಲ್ಲಿ ನೂಲು ಸುತ್ತಿಟ್ಟ ಉರುಳೆ, ತಾಗಾ ಎಂದರೆ ಮಗ್ಗದಿಂದ ಕೊಯ್ದು ಇಳಿಸುವ ಬಟ್ಟೆಯ ತುಂಡು. ಮಾಮಾ ಜೀವನವಿಡೀ ಪವರ್‌ಲೂಮ್ ನಡೆಸಿದವರು. ಪುಸ್ತಕದ ಪ್ರತಿ ತಾಗಾಕ್ಕೂ ಬಣ್ಣ ಹಾಕದ ಕೋರಾ ಬಟ್ಟೆಯ ಹೊದಿಕೆ, ಮೇಲೆ ಸೀಮೆಸುಣ್ಣದ ನಂಬರು. ಪುಸ್ತಕದ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಕಂಡರೆ ಮತ್ತೆ ಹೆದರಿಕೆ!

ಓದುವುದು ಗಟ್ಟಿಯಾಗಿ, ಮಾಮಿಗಾಗಿ. ಸಕ್ಕರೆ ಕಾಯಿಲೆಯಿಂದ ಮಾಮಿಯ ಎರಡೂ ಕಣ್ಣು ಹೋಗಿವೆ. ಆದರೆ ಅವರಿಗೆ ಬೇಕಾದ ಪುಸ್ತಕ ಬೇರೆಯೇ. ಗಡಹಿಂಗ್ಲಜದ ಶಾಲೆಯಲ್ಲಿ ಕಲಿಸಿದ ಅಕ್ಕೋರು, ಕ್ರೈಸ್ತರು, ಮಾಮಿಯ ಮದುವೆಗೆ ಕೊಟ್ಟದ್ದು: ದೇವರ ಮಾತುಗಳ ಮೇಲೆ ಯಾರೋ ಪಾದ್ರಿ ಬರೆದ ಇಟ್ಟಿಗೆಯಂಥ ಕನ್ನಡ ಪುಸ್ತಕ. ಸಂಸಾರದ ಕೆಲಸವೆಲ್ಲ ತೀರಿದ ಮೇಲೆ ಓದೋಣವೆಂದು ಮಾಮಿ ಕಪಾಟಿನಲ್ಲಿಟ್ಟಿದ್ದರು. ಕೆಲಸ ತೀರಿತು, ಅಷ್ಟರಲ್ಲಿ ಕಣ್ಣು ಹೋದವು. ಒಮ್ಮೆ ಕೊನೆಯವರೆಗೆ ಕೇಳಬೇಕೆಂಬುದೊಂದೇ ಅವರ ಆಸೆ.

"ಅದಕ್ಕ ತಯಾರಿ ನಡಸೇನಿ," ಎನ್ನುತ್ತಿದ್ದರು ಮಾಮಾ. ತಯಾರಿಗೆಂದೇ ಕೊಲ್ಹಾಪುರದ ಹಳೆ ಪುಸ್ತಕದಂಗಡಿಯಿಂದ ಕ್ರೈಸ್ತ ಸಾಧುವೊಬ್ಬರ ಮರಾಠಿ ಆತ್ಮಚಿಂತನೆ ತಂದು, ಅದನ್ನೂ ಕೊಯ್ದು, ಅದೇ ಕೋರಾ ಹೊದಿಸಿ, ಕಾದಂಬರಿಯ ಪಕ್ಕದಲ್ಲೇ ಇಟ್ಟರು. ಮುಂದೆ ಏನಾಯಿತೆಂದು ಹೇಳಬೇಕೆ? ಕಾದಂಬರಿಯ ಆರನೇ ತಾಗಾ ಮುಗಿದ ಮೇಲೆ ಸಾಧುವಿನ ಏಳನೆಯದು ಕೈಗೆ ಬಂತು.

ಮರುದಿನ ನನಗೆ ಫೋನು. "ಏನ್ ಬರದಾನಪಾ! ನಿನ್ನಿ ತನಕ ಕುಡದು ಹೊಡದಾಡಾಂವ, ಇವತ್ತ ಮೊಣಕಾಲೂರಿ ಅಳಾಕತ್ಯಾನ! ಅದಕ್ಕ ಇದನ್ನ ದೊಡ್ಡ ಕಾದಂಬರಿ ಅಂತಾರ!"

ಹಿಂದಿನಿಂದ ಮಾಮಿಯ ದನಿ: "ಅಳಲಿ ಬಿಡ್ರಿ. ಆದ್ರ ಅಂವನ ಕುದರಿ ಎಲ್ಲಿ ಹೋತ್ರಿ? ನಿನ್ನಿಯಿಂದ ಯಾರೂ ಹುಲ್ಲು ಹಾಕಿಲ್ಲ!"

ಕುದುರೆ ಪಕ್ಕದ ತಾಗಾಗಳ ಗುಡ್ಡೆಯಲ್ಲಿ, ಕಾದಂಬರಿಯ ನಿಜವಾದ ಏಳನೆಯದರಲ್ಲಿ, ಸಿಕ್ಕಿತು.

ಕಾದಂಬರಿ ಮುಗಿಯಿತು, ಸಾಧುವೂ ಮುಗಿದರು. ಇನ್ನು ನೆಪ ಉಳಿಯಲಿಲ್ಲ. ಮಾಮಾ ಅಕ್ಕೋರ ಪುಸ್ತಕ ತೆಗೆದು ಚಾಕುವಿಗೆ ಕೈ ಹಾಕಿದರು. ಮಾಮಿಗೆ ಕಣ್ಣಿಲ್ಲದಿದ್ದರೇನು, ಚಾಕುವಿನ ಸಪ್ಪಳ ಗೊತ್ತಿಲ್ಲವೆ!

"ಮಂದಿ ಪುಸ್ತಕ ಕೊಯ್ರಿ. ಅಕ್ಕೋರದಕ್ಕ ಚಾಕು ಹಚ್ಚಿದ್ರ ಇವತ್ತ ಒಲಿ ಹತ್ತೂದಿಲ್ಲ."

"ಇಷ್ಟ ದಪ್ಪಂದು ಒಮ್ಮೆಲೇ ನಾ ಹೆಂಗ ಓದಲೇ?"

"ಲಗ್ನದಾಗ ನನ್ನ ತುಂಡು ಮಾಡಿ ಒಪ್ಪಿದ್ರೇನು?"

ಮಾಮಾ ಚಾಕು ಕೆಳಗಿಟ್ಟರು. ಪುಸ್ತಕ ತೆರೆದರು, ಮುಚ್ಚಿದರು, ನೀರು ಕುಡಿದರು. ಇಡೀ ವಾರ ಮೊದಲ ಪುಟ ದಾಟಲಿಲ್ಲ. ಕಣ್ಣು ಮತ್ತೆ ಮತ್ತೆ ಉಳಿದ ಹಾಳೆಗಳ ದಪ್ಪದ ಕಡೆಗೇ ಹೋಗುತ್ತಿತ್ತು.

ಕಳೆದ ತಿಂಗಳು ಹೋದಾಗ ಮಗ್ಗ ನಿಲ್ಲಿಸಿದ್ದರು. ಇಬ್ಬರೂ ಕಟ್ಟೆಯ ಮೇಲೆ ಮೈಗೆ ಮೈ ತಾಗಿಸಿ ಕೂತಿದ್ದರು. ಪುಸ್ತಕ ಮಾಮಾನ ತೊಡೆಯ ಮೇಲೆ. ಓದಬೇಕಾದ ಹಾಳೆಗಳನ್ನೆಲ್ಲ ಮಾಮಿ ತಡವಿ ಒಟ್ಟುಗೂಡಿಸಿ, ದಪ್ಪ ಕಾಣದಂತೆ ಎರಡೂ ಅಂಗೈಯಿಂದ ಮುಚ್ಚಿ ಹಿಡಿದಿದ್ದರು.

"ಈಗ ಕಾಣಸತೈತೇನ್ರಿ?"

"ಇಲ್ಲ."

"ಹಂಗಾರ ಓದ್ರಿ."

ನಿನ್ನೆ ಸಂಜೆಯ ಹೊತ್ತಿಗೆ ಉಳಿದ ಹಾಳೆ ಮುಚ್ಚಲು ಮಾಮಿಗೆ ಒಂದೇ ಕೈ ಸಾಕಾಗಿತ್ತು.